ತಣ್ಣಗಿದ್ದ ಕೂಲರ್

ಕೂಲರಿಗೆ ಕೈಯಿಟ್ಟರೆ ತಣ್ಣಗಿತ್ತು.

ಸ್ವಪ್ನ ನಂಬದೆ ಇನ್ನೊಮ್ಮೆ ಅಂಗೈ ಪೂರ್ತಿ ಒತ್ತಿ ನೋಡಿದಳು. ಕಾರು ಒಣಗಿದ ಕೆರೆಯ ಅಂಗಳದಲ್ಲಿ ಎಂಟು ಸುತ್ತು ಧೂಳೆಬ್ಬಿಸಿ ಬಂದು ನಿಂತಿತ್ತು. ಬಾನೆಟ್ ಎತ್ತಿದರೆ ಝಳ ಮುಖಕ್ಕೆ ಬಡಿಯುತ್ತಿತ್ತು. ಡ್ಯಾಶ್‌ಬೋರ್ಡಿನ ಮೇಲೆ ಅವಳೇ ಕೂರಿಸಿದ್ದ ಗುಂಡನೆಯ ಮೀಟರಿನಲ್ಲಿ ಇಂಜಿನ್ ಆಯಿಲಿನ ಬಿಸಿ ನೂರಾ ಮೂವತ್ತು ಡಿಗ್ರಿ ಮುಟ್ಟಿತ್ತು. ಆ ಆಯಿಲನ್ನು ತಣಿಸಲಿಕ್ಕೆಂದೇ ಮುಂಭಾಗದ ಜಾಲರಿಯ ಹಿಂದೆ ಕಟ್ಟಿದ್ದ ಕೂಲರ್ ಮಾತ್ರ ತನಗೂ ಈ ಕಾರಿಗೂ ಸಂಬಂಧವೇ ಇಲ್ಲದಂತೆ ಪುಷ್ಯ ಮಾಸದ ಗಾಳಿಗೆ ತಣ್ಣಗೆ ಕೂತಿತ್ತು.

"ಚೂಡು ಮುದ್ದಪ್ಪಾ, ನಾ ಮೊದ್ಲೇ ಹೇಳ್ಲಿಲ್ವಾ?" ಎಂದ ಹೊನ್ನೂರಸ್ವಾಮಿ, ಏರಿಯ ಕಲ್ಲಿನ ಮೇಲೆ ಕೂತಲ್ಲಿಂದಲೇ. ಮೊಳಕಾಲ್ಮೂರಿನವನು, ಮಾತಿನಲ್ಲಿ ತೆಲುಗು ಬೆರೆಸುವ ಲಾರಿ ಮಾಲೀಕ. ಲಾರಿ ಕ್ಲಚ್ಚಿನ ಕೆಲಸಕ್ಕೆಂದು ಚಳ್ಳಕೆರೆಯ ಮುದ್ದಪ್ಪನ ಗ್ಯಾರೇಜಿನಲ್ಲಿತ್ತು, ಮಾಲೀಕನಿಗೆ ಹೊತ್ತು ಹೋಗಬೇಕಿತ್ತು. "ಲಾರಿಗೇ ಇಲ್ದಿರೋ ಕೂಲರು ಈ ಡಬ್ಬಕ್ಯಾಕೆ ಅಂದೆ. ಅಮ್ಮಾಯಿ ಕೇಳ್ಬೇಕಲ್ಲ!"

ಸ್ವಪ್ನ ಅವನ ಕಡೆ ತಿರುಗಲಿಲ್ಲ. ಅವಳು ನೋಡಿದ್ದು ಅಪ್ಪನನ್ನು. ಯಾರ ಬಾನೆಟ್ ಎದ್ದರೂ ಮೊದಲು ತಲೆ ತೂರಿಸುವ ಮುದ್ದಪ್ಪ ಇವತ್ತು ಹತ್ತು ಮಾರು ದೂರ ನಿಂತು, ಆಚೆ ಏರಿಯಲ್ಲಿ ಕುರಿಗಾಹಿ ದೊಡ್ಡಪಾಲಯ್ಯನ ಕುರಿ ಮೇಯುವುದನ್ನು ಭಾರಿ ಆಸಕ್ತಿಯಿಂದ ನೋಡುತ್ತಿದ್ದ. ಹೊಟ್ಟೆಪಾಡಿಗೆಂದು ಕುರಿ ಬಿಟ್ಟು ಸ್ಪ್ಯಾನರ್ ಹಿಡಿದ ಮೇಲೆ ಅವನು ಕುರಿಗಳನ್ನು ಹಾಗೆ ನೋಡಿದ್ದನ್ನು ಅವಳು ಕಂಡಿರಲಿಲ್ಲ.

ಹೋದ ವರ್ಷ ಇದೇ ಕಾರನ್ನು ಅವಳು ಕೊಯಮತ್ತೂರಿನ ಹತ್ತಿರದ ರೇಸ್ ಟ್ರ್ಯಾಕಿಗೆ ಒಯ್ದಿದ್ದಳು. ಅಲ್ಲಿ ಒಬ್ಬೊಬ್ಬರೇ ಓಡಿಸಿ, ಯಾರು ಕಡಿಮೆ ಹೊತ್ತಿನಲ್ಲಿ ಸುತ್ತು ಮುಗಿಸುತ್ತಾರೆಂದು ನೋಡುವ ಸ್ಪರ್ಧೆ. ಊರಿನ ರಸ್ತೆಯಲ್ಲಿ ಇಪ್ಪತ್ತು ವರ್ಷ ಏನೂ ಆಗದ ಇಂಜಿನ್ ಟ್ರ್ಯಾಕಿನ ಆರನೇ ಸುತ್ತಿಗೆ ಕೂತುಬಿಟ್ಟಿತು. ಆಯಿಲ್ ಕಾದು ನೀರಿನಂತಾಗಿ, ಬೇರಿಂಗ್ ಸವೆದು, ಒಳಗೆ ಯಾರೋ ಸುತ್ತಿಗೆಯಲ್ಲಿ ಬಡಿದಂತೆ ಸದ್ದು. ಕಾರನ್ನು ಹಗ್ಗ ಕಟ್ಟಿ ಎಳೆದು ತಂದಾಗ ಅಲ್ಲಿದ್ದ ಗಂಡಸರು ನಕ್ಕ ಬಗೆಯನ್ನು ಅವಳು ಇನ್ನೂ ಮರೆತಿರಲಿಲ್ಲ. ಊರಿಗೆ ಬಂದಾಗ ಮುದ್ದಪ್ಪ ಗ್ಯಾರೇಜಿನಲ್ಲಿ ಎಲ್ಲರ ಎದುರು ಹೇಳಿದ: "ಇಂಜಿನ್ ಕಟ್ಕ. ಬ್ಯಾಡ ಅನ್ನಲ್ಲ. ಇನ್ನೊಂದು ಸಲ ಕೂತ್ರೆ ಕಾರು ಗುಜರಿಗೆ, ನೀನು ಮನೆಗೆ. ಒಪ್ಪಿಗೆಯಾ?" ಅವಳೂ ಎಲ್ಲರ ಎದುರು "ಒಪ್ಪಿಗೆ" ಎಂದಿದ್ದಳು. ಈಗ ಮುಂದಿನ ಸ್ಪರ್ಧೆಗೆ ಉಳಿದಿದ್ದು ನಾಲ್ಕೇ ದಿನ.

ಇಂಜಿನನ್ನು ಬೋಲ್ಟಿನಿಂದ ಬೋಲ್ಟಿಗೆ ಅವಳೇ ಕಟ್ಟಿದ್ದಳು. ಕೂಲರನ್ನೂ ಅವಳೇ ಕೂರಿಸಿದ್ದಳು. ಇಂಜಿನ್ನಿಗೂ ಆಯಿಲ್ ಫಿಲ್ಟರಿಗೂ ನಡುವೆ ಕೂರುವ ದಪ್ಪ ಬಿಲ್ಲೆಯೊಂದು, ಅದರಿಂದ ಕೂಲರಿಗೆ ಹೋಗಿ ಬರುವ ಎರಡು ಪೈಪು. ಪೈಪಿನ ಮೇಲೆ ಉಕ್ಕಿನ ಎಳೆಗಳ ಹೆಣಿಗೆ. ಗರಗಸ ಇಟ್ಟರೆ ಸಾಕು, ಎಳೆಗಳು ಕೆದರಿ ಬೆರಳಿಗೆ ಚುಚ್ಚುತ್ತಿದ್ದವು, ತುದಿ ಫಿಟಿಂಗಿನೊಳಗೆ ಹೋಗುತ್ತಿರಲಿಲ್ಲ. ಎರಡು ತುದಿ ಹಾಳಾದ ಮೇಲೆ ಅವ್ವ ಬೋರಕ್ಕ ಬಂದು ನೋಡಿದಳು. ಮೊಳಕಾಲ್ಮೂರಿನ ಮಗ್ಗದ ಮನೆಗಳಲ್ಲಿ ಲಾಳಿಗೆ ನೂಲು ಸುತ್ತುತ್ತ ಬೆಳೆದವಳು. "ಮೊದ್ಲು ಬಿಗಿಯಾಗಿ ಸುತ್ತು, ಆಮ್ಯಾಲೆ ಕುಯ್ಯಿ. ಬಿಡಿ ಎಳೆ ಕುಯ್ದ್ರೆ ಕೆದರ್ದೆ ಇನ್ನೇನ್ ಮಾಡ್ತಾವೆ?" ಎಂದು ರೇಷ್ಮೆ ನೂಲನ್ನು ಪೈಪಿಗೆ ಒತ್ತೊತ್ತಾಗಿ ಸುತ್ತಿಕೊಟ್ಟಳು. ಗರಗಸ ಆ ಸುತ್ತಿನ ನಟ್ಟನಡುವೆ ಹಾಯ್ದಾಗ ಒಂದು ಎಳೆಯೂ ಮಿಸುಕಲಿಲ್ಲ. ಅವತ್ತು ತಾಯಿ ಮಗಳು ಇಬ್ಬರೂ ಯಾರಿಗೋ ಸವಾಲು ಗೆದ್ದವರಂತೆ ನಕ್ಕಿದ್ದರು.

ಹಾಗೆ ಕಟ್ಟಿದ್ದು ಈಗ ತಣ್ಣಗೆ ಕೂತಿದೆ ಎಂದರೆ?

ಅವಳು ಪೈಪಿನ ಗುಂಟ ಬೆರಳು ಓಡಿಸಿದಳು. ಬಿಲ್ಲೆಯ ಹತ್ತಿರ ಬಿಸಿ, ಒಂದು ಗೇಣು ಆಚೆಗೆ ಏನೂ ಇಲ್ಲ. ಅಂದರೆ ಆಯಿಲ್ ಕೂಲರಿನವರೆಗೆ ಹೋಗುತ್ತಲೇ ಇಲ್ಲ. ಅದನ್ನು ಅಲ್ಲಿಗೆ ಅಟ್ಟುವುದು ಬಿಲ್ಲೆಯೊಳಗಿನ ಥರ್ಮೋಸ್ಟಾಟ್, ಹೆಬ್ಬೆರಳ ಗಾತ್ರದ ಹಿತ್ತಾಳೆ ತುಂಡು. ಆಯಿಲ್ ತಣ್ಣಗಿರುವಾಗ ಅದು ಒಳಗಿನ ಹತ್ತಿರದ ದಾರಿಯನ್ನು ತೆರೆದಿಟ್ಟಿರುತ್ತದೆ. ಕಾದಾಗ ಹಿಗ್ಗಿ ಆ ದಾರಿಯನ್ನು ಮುಚ್ಚಿ, ಆಯಿಲನ್ನೆಲ್ಲ ಕೂಲರಿನ ಕಡೆ ನೂಕುತ್ತದೆ.

ಸ್ವಪ್ನ ಸ್ಪ್ಯಾನರ್ ತೆಗೆದಳು.

"ಬಿಚ್ಚಬ್ಯಾಡ ಕಣವ್ವಾ, ಬಿಸಿ ಐತೆ. ಮನೆಗೆ ಹೋಗಾನ," ಎಂದ ಮುದ್ದಪ್ಪ. ಬೆಳಗಿನಿಂದ ಅವನು ಆಡಿದ ಮೊದಲ ಮಾತು.

"ಆರೋವರ್ಗೂ ಕಾಯ್ತೀನಿ," ಎಂದು ಅವಳು ಅಲ್ಲೇ ನೆಲದ ಮೇಲೆ ಕೂತಳು. ಮುಕ್ಕಾಲು ಗಂಟೆ ಕೂತಿದ್ದಳು. ಹೊನ್ನೂರಸ್ವಾಮಿ ತನ್ನ ಲಾರಿ ಯಾವ್ಯಾವ ಘಾಟಿ ಹತ್ತಿದೆ ಎಂದು ಹೇಳುತ್ತಲೇ ಇದ್ದ, ಅಪ್ಪ ಮಗಳು ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

ಬಿಲ್ಲೆಯ ಮುಚ್ಚಳದ ತಿರುಪು ಬಿಚ್ಚಿದರೆ ಒಳಗೆ ಖಾಲಿ. ಹಿತ್ತಾಳೆ ತುಂಡೂ ಇಲ್ಲ, ಸ್ಪ್ರಿಂಗೂ ಇಲ್ಲ. ಬಿಚ್ಚಿದವರು ತಾಮ್ರದ ವಾಷರನ್ನು ಒರೆಸಿ, ಒಂದು ಹನಿಯೂ ಜಿನುಗದ ಹಾಗೆ ಹದವಾಗಿ ಬಿಗಿದಿದ್ದರು. ಇಡೀ ಚಳ್ಳಕೆರೆಯಲ್ಲಿ ಅಷ್ಟು ಹದವಾದ ಕೈ ಒಂದೇ.

"ಅಪ್ಪ, ಎಲ್ಲೈತೆ?"

"ಏನು?"

"ಏನಂತ ನಿನಗೆ ಗೊತ್ತು."

ಮುದ್ದಪ್ಪ ಕುರಿಗಳನ್ನು ನೋಡುವುದನ್ನು ಬಿಟ್ಟ. "ಹೂಂ, ನಾನೇ ತೆಗ್ದೆ. ನಿನ್ನೆ ನೀ ಉಣ್ಣಾಕೆ ಹೋದಾಗ. ದಾರಿಗೆ ಅಡ್ಡ ಕೂತಿತ್ತು. ತೆಗ್ದ್ರೆ ಸಲೀಸಾಗಿ ಹರ್ದು ತಣ್ಣಗಾಗ್ಲಿ ಅಂತ ತೆಗ್ದೆ. ನಿನ್ನ ಒಳ್ಳೇದಕ್ಕೆ ತೆಗ್ದೆ."

ಅವನ ಮಾತು ಸುಳ್ಳಲ್ಲ ಎಂದು ಅವಳಿಗೆ ಗೊತ್ತಿತ್ತು, ಅದೇ ಅವಳನ್ನು ಇನ್ನಷ್ಟು ಉರಿಸಿತು. ಮೂವತ್ತು ವರ್ಷಗಳಿಂದ ಮುದ್ದಪ್ಪ ತನ್ನ ಗ್ಯಾರೇಜಿಗೆ ಬಂದ ಜೀಪು, ಟೆಂಪೊ, ಕಾರು ಯಾವುದನ್ನೂ ಬಿಡದೆ ರೇಡಿಯೇಟರಿನ ಥರ್ಮೋಸ್ಟಾಟ್ ಕಿತ್ತು ಕಳಿಸಿದ್ದ. ಅದೆಲ್ಲ ಹಿಮ ಬೀಳುವ ದೇಶದವರಿಗೆ, ಈ ಬಿಸಿಲಿಗೆ ಯಾಕೆ ಎಂಬುದು ಅವನ ವಾದ. ಅವನೊಬ್ಬನದಲ್ಲ, ಈ ಸೀಮೆಯ ಮೆಕ್ಯಾನಿಕ್ಕುಗಳೆಲ್ಲರ ವಾದ. ಕಿತ್ತದ್ದನ್ನು ಎಸೆಯಲು ಮನಸ್ಸಾಗದೆ, ಹದಿನೈದು ಕಿಲೋ ಕಡ್ಲೆಕಾಯಿ ಎಣ್ಣೆಯ ಹಳೆಯ ತಗಡಿನ ಡಬ್ಬಕ್ಕೆ ಹಾಕುತ್ತಿದ್ದ. ಡಬ್ಬ ಈಗ ಕಂಠಮಟ್ಟ ತುಂಬಿತ್ತು.

"ಹಟ್ಟಿ ಹಿಂದಿನ ಬಾಗ್ಲು ತೆಗ್ದಿಟ್ರೆ ಕುರಿ ಊರ್ ಸುತ್ತಿ ಮುಂದಿನ ಬಾಗ್ಲಿಗೆ ಬರ್ತಾವಾ ಅಪ್ಪ?" ಎಂದಳು. "ಹಿಂದಿನ ಬಾಗ್ಲು ಮುಚ್ಚಾದೇ ಅದು. ಅದನ್ನೇ ಕಿತ್ತೀಯ. ಆಯಿಲ್ ಹತ್ರದ ದಾರೀಲೇ ತಿರುಗ್ತೈತೆ. ಅಷ್ಟು ದೂರ ಕೂಲರಿಗೆ ಯಾಕೆ ಹೋಗ್ತೈತೆ?"

"ಅಪ್ಪನಿಗೇ ಕುರಿ ಪಾಠ!" ಹೊನ್ನೂರಸ್ವಾಮಿ ತೊಡೆ ತಟ್ಟಿಕೊಂಡು ನಕ್ಕ.

ಆ ನಗುವಿಗೆ ಮುದ್ದಪ್ಪನ ಮುಖ ಕಪ್ಪಿಟ್ಟಿತು. "ಮೂವತ್ತು ವರ್ಷದಿಂದ ತೆಗೀತಾ ಬಂದೀನಿ ಕಣೇ. ಒಬ್ಬನಾದ್ರೂ ವಾಪಸ್ ಬಂದು ಯಾಕೆ ತೆಗ್ದೆ ಅಂತ ಕೇಳ್ಯಾನಾ?"

"ನಾ ಬಂದೀನಲ್ಲ, ನಾ ಕೇಳ್ತಾ ಇದೀನಿ. ಯಾಕೆ ತೆಗ್ದೆ?"

ಅಪ್ಪನ ಎದುರು, ಅದೂ ಹೊರಗಿನವನ ಮುಂದೆ, ಹೀಗೆ ದನಿಯೆತ್ತಿದ್ದು ಇದೇ ಮೊದಲು. ಆದರೂ ಅವಳು ಕಣ್ಣು ಕೆಳಗಿಳಿಸಲಿಲ್ಲ.

ಕಾರನ್ನು ನಿಧಾನವಾಗಿ ಚಳ್ಳಕೆರೆಗೆ ತಂದರು. ನನ್ನಿವಾಳ ದಾಟಿ ಊರು ಮುಟ್ಟುವವರೆಗೂ ಪಕ್ಕದ ಸೀಟಿನಲ್ಲಿ ಕೂತ ಮುದ್ದಪ್ಪ ಕಿಟಕಿಯ ಆಚೆಯೇ ನೋಡುತ್ತಿದ್ದ. ಸ್ವಪ್ನ ಗ್ಯಾರೇಜಿಗೆ ಬಂದವಳೇ, ತುಂಡು ಅಲ್ಲೇ ಇರಬೇಕೆಂದು, ಎಣ್ಣೆ ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿ ಗೋಣಿಚೀಲದ ಮೇಲೆ ಸುರಿದಳು. ಮೂವತ್ತು ವರ್ಷದ ಹಿತ್ತಾಳೆ, ತಾಮ್ರ, ತುಕ್ಕು ಗಲಗಲನೆ ಬಿದ್ದು ಹರಡಿತು. ಬೋರಕ್ಕ ಸದ್ದಿಗೆ ಹೊರಗೆ ಬಂದಳು. ವಿಷಯ ಕೇಳಿ ಗಂಡನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಸೆರಗು ಸಿಕ್ಕಿಸಿ, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಆರಿಸಲು ಕೂತಳು.

"ತೆಗೆಯೋನು ಮ್ಯಾಲಾದ್ರೂ ಇಡಬಾರ್ದಾ? ತಳಕ್ಕೆ ತುರುಕೀಯಲ್ಲ," ಎಂದಳು.

"ಯಾರಿಗೂ ಕಾಣ್ದಿರ್ಲಿ ಅಂತ," ಎಂದ ಮುದ್ದಪ್ಪ. ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿರಬೇಕು, ಬೀಡಿಗಾಗಿ ಜೇಬು ತಡಕಿದ.

ಮುದ್ದಪ್ಪ ಕಿತ್ತಿದ್ದ ಹೊಸ ಹಿತ್ತಾಳೆ ತುಂಡು ಸಿಕ್ಕಿದ್ದು ಬೋರಕ್ಕನ ಕೈಗೆ. ಸ್ಪ್ರಿಂಗು ಇನ್ನೊಂದು ಮೂಲೆಯಲ್ಲಿತ್ತು. ಸ್ವಪ್ನ ಎರಡನ್ನೂ ಪೆಟ್ರೋಲಿನಲ್ಲಿ ತೊಳೆದು ಒರೆಸಿ, ಬಿಲ್ಲೆಯೊಳಗೆ ಕೂರಿಸಿ ತಿರುಪು ಬಿಗಿದಳು. ಮುದ್ದಪ್ಪ ಹಿಂದೆ ಬಂದು ನಿಂತಿದ್ದ.

"ಮತ್ತೆ ಕಾದ್ರೆ?"

"ಕಾದ್ರೆ ನಿನ್ನ ಮಾತೇ ಸರಿ. ಗುಜರಿ ಅಂಗ್ಡೀಗೆ ನಾನೇ ನೂಕ್ಕಂಡು ಹೋಗ್ತೀನಿ." ಅವಳು ತಿರುಗಿದಳು. "ಆದ್ರೆ ಕೆಟ್ರೆ ನಾ ಕಟ್ಟಿದ್ದು ಕೆಡ್ಬೇಕು ಅಪ್ಪ. ನನ್ನ ತಪ್ಪಿಗೆ ಕೆಡ್ಬೇಕು. ನಿನ್ನ ಒಳ್ಳೇದಕ್ಕಲ್ಲ."

ಆಮೇಲೆ ಅವಳು ಒಳಗೆ ಹೋಗಿ ತನ್ನ ಉಗುರುಬಣ್ಣದ ಸೀಸೆ ತಂದಳು. ತಿರುಪಿನ ತಲೆಯಿಂದ ಬಿಲ್ಲೆಯ ಮೇಲಕ್ಕೆ ಹಾಯುವಂತೆ ಸಣ್ಣ ಕೆಂಪು ಗೆರೆ ಎಳೆದು ಊದಿ ಒಣಗಿಸಿದಳು.

"ಇದೇನು?" ಎಂದಳು ಬೋರಕ್ಕ.

"ಯಾರಾದ್ರೂ ತಿರುಪು ಮುಟ್ಟಿದ್ರೆ ಗೆರೆ ಮುರೀತೈತೆ," ಎಂದಳು ಸ್ವಪ್ನ. ಯಾರಾದರೂ ಎಂದರೆ ಯಾರು ಎಂದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು.

ಬಿಸಿಲು ಇಳಿಯುವ ಮೊದಲೇ ಮತ್ತೆ ಕೆರೆಯಂಗಳ. ಈ ಸಲ ಮುದ್ದಪ್ಪ ದೂರ ನಿಲ್ಲದೆ, ಹಳೆಯ ಟೈರಿಟ್ಟು ಗುರುತು ಮಾಡಿದ ತಿರುವಿನಲ್ಲೇ ಬಂದು ನಿಂತ. ಸ್ವಪ್ನ ಎಂಟಲ್ಲ, ಹನ್ನೆರಡು ಸುತ್ತು ಹೊಡೆದಳು. ಕೈ ಸ್ಟಿಯರಿಂಗಿನ ಮೇಲಿದ್ದರೂ ಜೀವವೆಲ್ಲ ಆ ಗುಂಡನೆಯ ಮೀಟರಿನಲ್ಲಿತ್ತು. ಮುಳ್ಳು ಎಂಬತ್ತೈದಕ್ಕೆ ಬಂತು, ತೊಂಬತ್ತೈದಕ್ಕೆ ಬಂತು. ನೂರಾ ಎರಡಕ್ಕೆ ಬಂದು ನಿಂತಿತು. ಅವಳು ಇನ್ನಷ್ಟು ಒತ್ತಿದಳು. ನಿಂತೇ ಇತ್ತು. ಹನ್ನೊಂದನೇ ಸುತ್ತಿನಲ್ಲಿ ಹೆಲ್ಮೆಟ್ಟಿನೊಳಗೆ ಅವಳು ಕೂಗಿದಳು. ಏನು ಕೂಗಿದೆನೆಂದು ಅವಳಿಗೇ ತಿಳಿಯಲಿಲ್ಲ. ಅಷ್ಟು ಖುಷಿ ಅವಳಿಗೆ ಆ ವರ್ಷದಲ್ಲೇ ಆಗಿರಲಿಲ್ಲ.

ಬಾನೆಟ್ ಎತ್ತಿದಾಗ ಹೊನ್ನೂರಸ್ವಾಮಿ ಎಲ್ಲರಿಗಿಂತ ಮೊದಲು ಬಂದು ಕೂಲರಿಗೆ ಬೆರಳಿಟ್ಟು, "ಅಮ್ಮಾ!" ಎಂದು ಕೈ ಕೊಡವಿಕೊಂಡ.

"ಲಾರಿಗೂ ಒಂದ್ ಹಾಕ್ಲಾ ಮಾವ?" ಎಂದಳು ಸ್ವಪ್ನ.

ಮುದ್ದಪ್ಪ ನಗಲಿಲ್ಲ. ಅಂಗೈಯನ್ನು ಕೂಲರಿನ ಹತ್ತಿರ ಒಯ್ದು, ಮುಟ್ಟದೆ, ಆ ಝಳಕ್ಕೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತ. "ಕಾದೈತೆ," ಎಂದ. ಮೂವತ್ತು ವರ್ಷದ ಡಬ್ಬವನ್ನು ಒಂದು ಮಾತಿನಲ್ಲಿ ಖಾಲಿ ಮಾಡುವುದು ಅವನಿಗೂ ಸುಲಭವಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಬಾಡಿಗೆ ವಾಹನದ ಮೇಲೆ ಕಾರು ಹೇರಿ ಹೊರಡುವಾಗ ಅವನು ಒಗೆದ ಅಂಗಿ ತೊಟ್ಟು, ಬ್ಯಾಗು ಹಿಡಿದು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ.

"ನಾನೂ ಬರ್ಲಾ?"

ಅಪ್ಪ ಎಂದಾದರೂ ತನ್ನ ಅಪ್ಪಣೆ ಕೇಳಿದ್ದು ಸ್ವಪ್ನಳಿಗೆ ನೆನಪಿರಲಿಲ್ಲ. ಹೇಳುತ್ತಿದ್ದ, ಇಲ್ಲವೇ ಮಾಡಿಬಿಡುತ್ತಿದ್ದ. ಅವಳಿಗೆ ತಕ್ಷಣ ಹೂಂ ಅನ್ನಬೇಕೆನಿಸಿತು. ಅನ್ನಲಿಲ್ಲ.

"ಬಾ. ಆದ್ರೆ ಬಾನೆಟ್ ಒಳಗೆ ಕೈ ಹಾಕಂಗಿಲ್ಲ."

"ಹೂಂ."

"ಏನ್ ಸದ್ದು ಬಂದ್ರೂ."

"ಹೂಂ ಅಂದ್ನಲ್ಲೇ," ಎಂದು ಅವನು ಹತ್ತಿ ಕೂತ.

ಭಾನುವಾರ ಟ್ರ್ಯಾಕಿನ ಪಕ್ಕದ ಶೆಡ್ಡುಗಳಲ್ಲಿ ಹತ್ತಾರು ಕಾರು, ಒಂದೊಂದು ಬಾನೆಟ್ಟಿಗೂ ನಾಲ್ಕು ಜನ ಬಗ್ಗಿದ್ದರು. ಹೋದ ವರ್ಷ ನಕ್ಕಿದ್ದವರಲ್ಲಿ ಇಬ್ಬರು ಇದ್ದರು. ಅವಳನ್ನು ಗುರುತು ಹಿಡಿದು ಒಬ್ಬನಿಗೊಬ್ಬ ತೋರಿಸಿಕೊಂಡರು. ಸ್ವಪ್ನ ಅವರನ್ನೇ ನೆಟ್ಟಗೆ ನೋಡಿದಳು, ಅವರೇ ಮುಖ ತಿರುಗಿಸುವವರೆಗೆ. ಆಮೇಲೆ ಅವಳ ನಂಬರ್ ಕೂಗಿದರು. ಹೆಲ್ಮೆಟ್ ತೊಡುವ ಮುಂಚೆ ಬಾನೆಟ್ ಎತ್ತಿ, ಟಾರ್ಚ್ ಹಾಕಿ, ಬಗ್ಗಿ ನೋಡಿದಳು. ನಾಲ್ಕು ರಾತ್ರಿ, ಆರುನೂರು ಕಿಲೋಮೀಟರ್ ದಾಟಿದ ಮೇಲೂ ಕೆಂಪು ಗೆರೆ ಎಳೆದಾಗ ಹೇಗಿತ್ತೋ ಹಾಗೇ ಇತ್ತು.

ತಲೆಯೆತ್ತಿ ಅಪ್ಪನನ್ನು ಹುಡುಕಿದಳು. ಎಲ್ಲರ ಕೈಯಲ್ಲೂ ಏನಾದರೊಂದು ಇದ್ದ ಆ ಜಾಗದಲ್ಲಿ ಮುದ್ದಪ್ಪ ಟೈರುಗಳ ರಾಶಿಯ ಪಕ್ಕ ಒಬ್ಬನೇ ನಿಂತಿದ್ದ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಒಂದು ಕೈಯಿಂದ ಇನ್ನೊಂದರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು.