ಬಿ ಅಲ್ಲ, ಡಿ

ಬೆಂದ ರೇಷ್ಮೆಗೂಡಿನ ವಾಸನೆ ವೀರಮ್ಮನಿಗೆ ತನ್ನ ಅವ್ವನ ಸೆರಗಿನಿಂದ ಬಂದದ್ದು. ಮಾಂಬಳ್ಳಿಯ ನೂಲು ಬಿಚ್ಚುವ ಶೆಡ್ಡಿನಲ್ಲಿ ಅವ್ವ ಕುದಿಯುವ ನೀರಿಗೆ ಕೈ ಅದ್ದುತ್ತಿದ್ದಳು. ಮಗುವಾಗಿದ್ದ ವೀರಮ್ಮ ಆ ಸೆರಗು ಹೊದ್ದು ಮಲಗುತ್ತಿದ್ದಳು. ಈಗ ಅದೇ ಕೆಲಸ ವೀರಮ್ಮನದು. ಬೆರಳ ತುದಿಗಳು ಸದಾ ಬೆಳ್ಳಗೆ ಸುಲಿದಿರುತ್ತವೆ. ಇವತ್ತು ಎರಡು ಸಲ ಸೋಪು ಹಾಕಿ ಕೈ ತೊಳೆದು, ಮಗಳು ಭವ್ಯಳಿಗೆ ಜಡೆ ಹೆಣೆದು, ಕೊಳ್ಳೇಗಾಲಕ್ಕೆ ಕರೆತಂದಿದ್ದಳು. ನರ್ಸಿಂಗ್ ಸೀಟಿನ ಪ್ರವೇಶ ಪರೀಕ್ಷೆ.

ಒಂದು ಗಂಟೆಗೆ ಮಕ್ಕಳೆಲ್ಲ ಹೊರಬಂದರು. ಭವ್ಯ ಬರಲಿಲ್ಲ. ವೀರಮ್ಮ ಒಳಗೆ ನುಗ್ಗಿದಳು.

ಕೋಣೆಯಲ್ಲಿ ಐದು ಹುಡುಗಿಯರು ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಭವ್ಯ ಪಿಸುಗುಟ್ಟುತ್ತ ಹೇಳಿದಳು. ಪ್ರಶ್ನೆಪತ್ರಿಕೆ ಎ, ಬಿ, ಸಿ, ಡಿ ಎಂದು ನಾಲ್ಕು ಬಗೆ, ಪ್ರಶ್ನೆಗಳೇ ಬೇರೆ ಬೇರೆ. ಡಿ ಎಲ್ಲಕ್ಕಿಂತ ಕಷ್ಟದ್ದು; ಅದನ್ನು ಬರೆದವರ ಅಂಕವನ್ನು ಆಮೇಲೆ ಲೆಕ್ಕ ಹಾಕಿ ಏರಿಸುತ್ತಾರೆ. ಕೊನೆಯ ಬೆಂಚುಗಳ ಈ ಐವರಿಗೆ ಸಿಕ್ಕಿದ್ದು ಡಿ ಪತ್ರಿಕೆ, ಆದರೆ ಬಿ ಎಂದು ಅಚ್ಚಾದ ಉತ್ತರದ ಹಾಳೆ. ಬಿ ಉತ್ತರಗಳ ಜೊತೆ ತಾಳೆ ನೋಡಿದರೆ ಬರೆದದ್ದೆಲ್ಲ ತಪ್ಪಾಗುತ್ತದೆ, ಅಂಕವೂ ಏರುವುದಿಲ್ಲ.

ಮೇಲ್ವಿಚಾರಕ ಮಹದೇವಸ್ವಾಮಿ ಮೇಜಿನ ಮೇಲೆ ಒಂದು ಕಾಗದ ಇಟ್ಟಿದ್ದರು. 'ನಮ್ಮ ಅಜಾಗರೂಕತೆಯಿಂದ ಬೇರೆ ಪತ್ರಿಕೆ ತೆಗೆದುಕೊಂಡೆವು.' ಸಹಿ ಹಾಕದಿದ್ದರೆ ಉತ್ತರದ ಹಾಳೆ ಮೌಲ್ಯಮಾಪನಕ್ಕೆ ಕಳಿಸುವ ಬಂಡಲಿಗೆ ಹೋಗುವುದಿಲ್ಲವಂತೆ.

"ಸೈನ್ ಆಕುದ್ರೆ ಡಿ ಅಂತ ನೋಡ್ತಾರಾ ಸಾ?" ವೀರಮ್ಮ ಕೇಳಿದಳು.

"ಅದು ಮೇಲಿನವ್ರಿಗೆ ಬಿಟ್ಟದ್ದು. ನಿಮಗೆ ಅದೆಲ್ಲ ಅರ್ಥ ಆಗಲ್ಲಮ್ಮ."

"ಆಯ್ತದೆ ಸಾ. ಮಳೆಗಾಲದ ಗೂಡ್ಗೂ ಬ್ಯಾಸ್ಗೆ ಗೂಡ್ಗೂ ಒಂದೇ ಸಮ ನೂಲು ಬರಲ್ಲ. ಯಾವ ಗೂಡಿನ ಲಾಟು ಅಂತ ಮೂಟೆ ಚೀಟಿ ನೋಡಿ ನಮ್ಮ ಕೆಲ್ಸ ಅಳೀತಾರೆ. ಚೀಟಿ ಅದ್ಲುಬದ್ಲಾದ್ರೆ ನೂಲು ಕಮ್ಮಿ ಬಂತು ಅಂತ ಕಳ್ಳಿ ನಾನೇ."

ಹಾಗೆ ಆಗಿತ್ತು ಕೂಡ. ಶೆಡ್ಡಿನ ಮೇಸ್ತ್ರಿ ಚೀಟಿ ಅದಲುಬದಲು ಮಾಡಿಟ್ಟಿದ್ದ. ತಪ್ಪು ಇವಳದೇ ಎಂದು ಬರೆದ, ಓದಲು ಬಾರದ ಕಾಗದಕ್ಕೆ ಇವಳ ಹೆಬ್ಬೆಟ್ಟು ಒತ್ತಿಸಿಕೊಂಡು, ಎರಡು ತಿಂಗಳು ಕೆಲಸದಿಂದ ಹೊರಗಿಟ್ಟಿದ್ದ.

ಭವ್ಯ ಪೆನ್ನು ಎತ್ತಿಕೊಂಡಳು. ವೀರಮ್ಮ ಅವಳ ಮಣಿಕಟ್ಟು ಹಿಡಿದಳು.

"ಬ್ಯಾಡ ಕೂಸೇ. ನಾನು ಒತ್ತಿದ್ದೇ ಸಾಕು."

ಪಕ್ಕದಲ್ಲಿದ್ದ ಶಾಗ್ಯ ಊರಿನ ಹುಡುಗಿ ಮಾಲಿನಿ ತನ್ನ ಪೆನ್ನಿಗೆ ಮುಚ್ಚಳ ಹಾಕಿದಳು. ಉಳಿದ ಮೂವರು ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ಕೈ ಹಿಂದಕ್ಕೆ ಕಟ್ಟಿಕೊಂಡರು.

ಪತ್ರಿಕೆ ಹಂಚಿದ್ದ ದಿವ್ಯ ಮೂಲೆಯಲ್ಲಿದ್ದಳು. ಅತಿಥಿ ಶಿಕ್ಷಕಿ, ಯಾವ ದಿನ ಬೇಕಾದರೂ ಬೇಡ ಎನ್ನಿಸಿಕೊಳ್ಳುವ ಕೆಲಸ. ನೆಲ ನೋಡುತ್ತಲೇ ಅಂದಳು, "ಹಾಳೆ ಬೇರೆ ಇದೆ ಅಂತ ಭವ್ಯ ಆಗ್ಲೇ ಎದ್ದು ಹೇಳಿದ್ಲು ಸರ್. ಸುಮ್ನೆ ಬರಿ ಅಂದವಳು ನಾನೇ."

"ನಾಳೆಯಿಂದ ನೀವು ಬರೋದು ಬೇಡ," ಎಂದರು ಮಹದೇವಸ್ವಾಮಿ. ಐದು ಹಾಳೆ ಬಿಟ್ಟು ಬಂಡಲಿಗೆ ಅರಗಿನ ಮೊಹರು ಹಾಕಿಸಿದರು. ಬಂಡಲು ಹೊತ್ತ ಜೀಪು ಹೊರಟುಹೋಯಿತು.

ಹಾಳೆಗಳು ಮೇಜಿನ ಮೇಲೇ ಉಳಿದವು. ವೀರಮ್ಮ ಹೊಸ್ತಿಲಿಗೆ ಅಡ್ಡ ಕೂತಳು.

"ಎದ್ದೇಳಮ್ಮ, ಬಾಗಿಲು ಹಾಕ್ಬೇಕು," ಎಂದರು ಮಹದೇವಸ್ವಾಮಿ.

"ಆಕಿ ಸಾ. ನಾವು ಒಳ್ಗೇ ಇರ್ತೀವಿ. ಡಿ ಅಂತ ಬರ್ಕೊಳ್ಳೋರು ಬರೋಗಂಟ."

ಮಾತೇನೋ ಗಟ್ಟಿಯಾಗಿತ್ತು. ಪೊಲೀಸರನ್ನು ಕರೆಸಿದರೆ? ಮುಂದೆ ಎಲ್ಲಿಯೂ ಪರೀಕ್ಷೆಗೆ ಕೂರಿಸದಿದ್ದರೆ? ಹುಡುಗಿಯರು ಅವಳ ಸುತ್ತ ಒತ್ತಾಗಿ ಕೂತರು. ಬೆಳಗ್ಗೆಯಿಂದ ಯಾರೂ ಏನೂ ತಿಂದಿರಲಿಲ್ಲ.

ದಿವ್ಯ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ಬಂದಳು, ನಿಂತಳು. ತನ್ನ ಚಿತ್ರಾನ್ನದ ಡಬ್ಬಿ ಹೊರತೆಗೆದು, ಮುಚ್ಚಳ ಬಿಚ್ಚಿ ವೀರಮ್ಮನ ಕೈಗಿಟ್ಟಳು.