ಬಂಡೆಯೊಳಗಿನ ಡ್ರಮ್ಮು

ನಮ್ಮ ಭಾವನದು ಪರದೆ ಬಟ್ಟೆಯ ಅಂಗಡಿ. ಮುಚ್ಚುವುದರಲ್ಲಿ ಎತ್ತಿದ ಕೈ. ಗೋಡೆಯ ಬಿರುಕಿಗೆ ಕ್ಯಾಲೆಂಡರ್, ಬೋಳುತಲೆಗೆ ಟೋಪಿ, ಗೊತ್ತಿಲ್ಲದ ವಿಷಯಕ್ಕೆ ಒಂದು ಮುಗುಳ್ನಗೆ. ಹಿತ್ತಲಲ್ಲಿ ಕೊಳ ತೋಡಿಸಿ ಕೋಯಿ ಎಂಬ ಬಣ್ಣದ ಜಪಾನಿ ಮೀನು ಬಿಟ್ಟವನು ಅವನೇ. ನೀರು ಪಾಚಿಗಟ್ಟಿ ನಾರತೊಡಗಿದಾಗ ಮೂಗು ಹಿಡಿದುಕೊಂಡು ಒಳಗೆ ಹೋದವನೂ ಅವನೇ.

ಮೀನು ಉಳಿದದ್ದು ನನ್ನ ಅಕ್ಕನಿಂದ. ಅಕ್ಕ ಹಲ್ಲಿನ ಡಾಕ್ಟರು. ಕ್ಲಿನಿಕ್ಕಿನಿಂದ ಬಂದವಳು ನೀಲಿ ಡ್ರಮ್ಮೊಂದಕ್ಕೆ ತೂತು ಕೊರೆದು, ಒಳಗೆ ಜಲ್ಲಿ, ಸ್ಪಂಜು, ಬಾಟಲಿ ಮುಚ್ಚಳಗಳನ್ನು ಪದರ ಪದರವಾಗಿ ತುಂಬಿದಳು. ಪಕ್ಕದ ಪಂಪು ಕೊಳದ ನೀರನ್ನು ಡ್ರಮ್ಮಿಗೆ ಎತ್ತುತ್ತಿತ್ತು. ಸೋಸಿದ ನೀರು ಮೇಲಿನ ಪೈಪಿನಿಂದ ಕೊಳಕ್ಕೇ ಬೀಳುತ್ತಿತ್ತು. ನೋಡಲು ಲಕ್ಷಣವಾಗಿರಲಿಲ್ಲ, ನಿಜ. ಮೀನುಗಳಿಗೇನೂ ತಕರಾರಿರಲಿಲ್ಲ.

ಅಷ್ಟರಲ್ಲಿ ಭಾವನಿಗೆ ಕೋಯಿ ಸಾಕುವವರ ಸಂಘ ಸೇರುವ ಹುಚ್ಚು ಹತ್ತಿತು. ಅಧ್ಯಕ್ಷೆ ಕೊಳ ನೋಡಲು ಬರುತ್ತೇನೆಂದರು.

"ಆ ಡ್ರಮ್ಮು ಕಂಡ್ರೆ ನನ್ನ ಮರ್ಯಾದೆ ಏನಾಗಬೇಕು?" ಎಂದ ಭಾವ.

"ಮುಚ್ಚಿ ಬೇಕಾದ್ರೆ. ಪಂಪಿಗೆ ಮಾತ್ರ ಗಾಳಿ ಆಡ್ಲಿ," ಎಂದಳು ಅಕ್ಕ.

ಹೆಂಡತಿಯ ಮಾತು ಕೇಳಿದರೆ ಅವನು ಭಾವ ಹೇಗಾದಾನು? ಫೈಬರಿನ ಟೊಳ್ಳು ಬಂಡೆ ತರಿಸಿ ಡ್ರಮ್ಮು, ಪಂಪು ಎರಡರ ಮೇಲೂ ಬೋರಲು ಹಾಕಿದ. ಗುಯ್‌ಗುಡುವ ಸದ್ದು ಕೇಳಬಾರದೆಂದು ಪಂಪಿಗೆ ಕಂಬಳಿ ಸುತ್ತಿದ. ನೆತ್ತಿಗೆ ಪ್ಲಾಸ್ಟಿಕ್ ಹುಲ್ಲು ಅಂಟಿಸಿದ. ಎಮ್ಮೆಗೆ ಚೌರಿ ಕಟ್ಟಿದ ಹಾಗಿತ್ತು. ಅಕ್ಕ ಕ್ಲಿನಿಕ್ಕಿನಲ್ಲಿದ್ದಳು, ನೋಡಿ ನಕ್ಕ ನನಗೆ, "ನಿನಗೆ ಅಭಿರುಚಿ ಇಲ್ಲ," ಎಂದ.

ಅಧ್ಯಕ್ಷೆ ಬಂದರು. ಭಾವ ಅವರನ್ನು ಕೊಳದ ದಡದಲ್ಲಿ ಕೂರಿಸಿ ಹೂಜಿಯಿಂದ ಶರಬತ್ತು ಬಗ್ಗಿಸುತ್ತ, "ಯಂತ್ರಗಿಂತ್ರ ನಮಗೆ ಆಗಿಬರಲ್ಲ ಮೇಡಂ, ಎಲ್ಲ ಪ್ರಕೃತಿ," ಎಂದ. ಆ ಹೊತ್ತಿಗೆ ಪ್ರಕೃತಿ ಕಂಬಳಿಯೊಳಗೆ ಕಾದು ಕೆಟ್ಟು ನಿಂತಿತ್ತು. ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು.

"ನಿಮ್ಮನ್ನ ನೋಡಿ ಖುಷಿಯಾಗಿದೆ ಅವಕ್ಕೆ," ಎಂದ ಭಾವ.

"ಉಸಿರು ಸಿಗ್ತಿಲ್ಲ ಅವಕ್ಕೆ," ಎಂದರು ಅಧ್ಯಕ್ಷೆ, ಲೋಟ ಕೆಳಗಿಟ್ಟು.

ಆಗಷ್ಟೇ ಮನೆಗೆ ಬಂದ ಅಕ್ಕ ಬಾಗಿಲಿನಿಂದಲೇ ಮೀನು ನೋಡಿದಳು. ಓಡಿಬಂದು ಬಂಡೆಯನ್ನು ಉರುಳಿಸಿದಳು. ಸುಟ್ಟ ಕಂಬಳಿಯ ವಾಸನೆಯ ಜೊತೆ ಡ್ರಮ್ಮು ಹೊರಬಂತು. ಅಧ್ಯಕ್ಷೆ ಬಗ್ಗಿ ನೋಡಿದರು.

"ಯಾರು ಮಾಡಿದ್ದು ಇದು? ಚೆನ್ನಾಗಿದೆಯಲ್ಲ."

ಭಾವನ ಮುಖ ಅರಳಿತು. "ನಾನೇ ಮೇಡಂ."

ಅಕ್ಕ ಸಿಟ್ಟಾಗಲಿಲ್ಲ. ಕ್ಲಿನಿಕ್ಕಿನಲ್ಲಿ ಕೊಳೆತ ಹಲ್ಲನ್ನು ನೋಡುವ ಹಾಗೆ ಅವನನ್ನು ನೋಡಿ, ಡ್ರಮ್ಮಿನ ಪೈಪನ್ನು ಕಳಚಿ ಅವನಿಗೇ ಕೊಟ್ಟಳು. "ಹಾಗಾದ್ರೆ ಸರಿಮಾಡಿ. ಬೇಗ."

ಭಾವ ಡ್ರಮ್ಮಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಕೊನೆಗೆ ಕೈಗೆ ಸಿಕ್ಕ ತಳದ ನಲ್ಲಿ ತಿರುಗಿಸಿದ. ಅಲ್ಲಿ ಕೂತಿದ್ದ ಕಪ್ಪು ರಾಡಿಯೆಲ್ಲ ಅಧ್ಯಕ್ಷೆಯ ಬಿಳಿ ಚಪ್ಪಲಿಯ ಮೇಲೆ ಸುರಿಯಿತು. ಮೀನಿನ ಹೇಸಿಗೆಯೇ ಆದರೂ ಅದು ಭಾವನ ಹಾಗೆ ಸುಳ್ಳು ಹೇಳಲಿಲ್ಲ.

ಅಧ್ಯಕ್ಷೆ ಚಪ್ಪಲಿ ಬಿಚ್ಚಿಟ್ಟು, ಹೂಜಿಯ ಶರಬತ್ತನ್ನು ಗಿಡಕ್ಕೆ ಚೆಲ್ಲಿ ತೊಳೆದು, ಅಕ್ಕನ ಪಕ್ಕದಲ್ಲಿ ಮಂಡಿಯೂರಿದರು. ಇಬ್ಬರೂ ಮೊಗೆದು ಮೊಗೆದು ಎತ್ತರದಿಂದ ನೀರು ಸುರಿದು ಗಾಳಿ ಬೆರೆಸಿದರು. ನಾನು ಬೇರೆ ಪಂಪು ತರಲು ಓಡಿದೆ. ಬಿಳಿ ಮೀನೊಂದು ಸತ್ತಿತು, ಮಿಕ್ಕವು ಉಳಿದವು.

ಸಂಘಕ್ಕೆ ಅಕ್ಕ ಸೇರಿದಳು. ಭಾವ ಈಗ ಮೀನಿನ ಸುದ್ದಿ ಎತ್ತುವುದಿಲ್ಲ. ಜೇನು ಸಾಕುತ್ತಾನಂತೆ.