ಪರ್ಮಿಟ್ಟಿನ ಮೇಲಿನ ತುಳಸಿ

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುವ ಮಾತು ನನಗಾಗಿಯೇ ಹುಟ್ಟಿರಬೇಕು. ವಿಜ್ಞಾನಿಯಾದವನು ಹೇಗಿರಬೇಕೆಂದು ಸಿಕ್ಕಸಿಕ್ಕವರಿಗೆ ಪಾಠ ಹೇಳುತ್ತಿದ್ದವನು ನಾನು, ವ್ಯಾಸರಾಜ.

ಟಿ.ಬಿ. ಡ್ಯಾಂ ಹತ್ತಿರ ನಮ್ಮದೊಂದು ಪುಟ್ಟ ಸಂಶೋಧನಾ ಕೇಂದ್ರ. ಇಲ್ಲಿಂದ ಕಂಪ್ಲಿಯವರೆಗೆ ಹೊಳೆಯಲ್ಲಿರುವ ನೀರುನಾಯಿಗಳ ಮೇಲೆ ನಮ್ಮ ಕೆಲಸ. ಹೋಲಿಸಿ ನೋಡಲು ಕಡಲಿನ ನೀರುನಾಯಿಯ ಚರ್ಮದ ಚೂರುಗಳು ಬೇಕಾಗಿದ್ದವು. ಹೊರದೇಶದ ಮ್ಯೂಸಿಯಂ ಒಂದು ಕೊಡಲು ಒಪ್ಪಿತ್ತು. ಬೆರಳುದ್ದದ ಹನ್ನೆರಡು ಸೀಸೆ, ಅಷ್ಟೇ. ಅವುಗಳ ಆಮದು ಪರ್ಮಿಟ್ಟಿಗೆ ಹದಿನಾಲ್ಕು ತಿಂಗಳು ಅಲೆದೆ. ಒಮ್ಮೆ ಪ್ರಾಣಿಯ ಶಾಸ್ತ್ರೀಯ ಹೆಸರು ಪೂರ್ತಿ ಇಲ್ಲವೆಂದು, ಇನ್ನೊಮ್ಮೆ ತೂಕ ಗ್ರಾಂನಲ್ಲಿಲ್ಲವೆಂದು ಅರ್ಜಿ ವಾಪಸ್ ಬಂತು.

ನಮ್ಮ ಅಟೆಂಡರ್ ಜಡೆಪ್ಪ ನನಗಿಂತ ಹತ್ತು ವರ್ಷ ದೊಡ್ಡವನು. ಹನ್ನೆರಡು ವರ್ಷದಿಂದ ದಿನಗೂಲಿಯ ಮೇಲೇ ಇದ್ದ. ಶುಕ್ರವಾರ ಬಂತೆಂದರೆ ಬಾಗಿಲು, ಬೀರು, ಕಂಪ್ಯೂಟರು ಎಲ್ಲಕ್ಕೂ ಅವನ ವಿಭೂತಿ.

"ಏನ್ ಜಡೆಪ್ಪ, ಫ್ರಿಜ್ಜಿಗೇನು ಜ್ವರ ಬಂದದೇನು? ಇಬತ್ತಿ ಹಚ್ಚೀಯಲ್ಲ" ಎಂದು ಎಲ್ಲರೆದುರು ಕಾಡುತ್ತಿದ್ದೆ. ಅವನು ನಕ್ಕು ಮುಂದಿನ ಬೀರುವಿಗೆ ಹಚ್ಚುತ್ತಿದ್ದ.

ಕೊನೆಗೂ ಒಂದು ಗುರುವಾರ ಪರ್ಮಿಟ್ ಅಂಚೆಯಲ್ಲಿ ಬಂತು. ಅಸಲು ಪ್ರತಿಯನ್ನೇ ವಿಮಾನ ನಿಲ್ದಾಣದ ಕಸ್ಟಮ್ಸಿಗೆ ತೋರಿಸಬೇಕು, ನಕಲು ನಡೆಯುವುದಿಲ್ಲ. ಸಂಜೆಯೊಳಗೆ ಅದನ್ನು ಬೆಂಗಳೂರಿನ ಏಜೆಂಟನಿಗೆ ಕೊರಿಯರ್ ಮಾಡಬೇಕಿತ್ತು. ಮಧ್ಯಾಹ್ನ ಊಟದ ನೆಪದಲ್ಲಿ ನಾನದನ್ನು ಮನೆಗೆ ಒಯ್ದೆ. ಮನೆಯಲ್ಲಿ ಯಾರೂ ಇರಲಿಲ್ಲ. ರಾಯರ ಫೋಟೋ ಮುಂದಿಟ್ಟು, ಮೇಲೆ ನಾಲ್ಕು ಕಾಳು ಮಂತ್ರಾಕ್ಷತೆ, ತೀರ್ಥದಲ್ಲಿ ಅದ್ದಿದ ತುಳಸಿ ಏರಿಸಿ ಅಡ್ಡಬಿದ್ದೆ. ಎದ್ದು ನೋಡಿದರೆ ಸೀಲು, ಸಹಿಯ ಮಸಿ ಹರಡಿಕೊಂಡು ಅದರ ಮೇಲೆ ಹಳದಿ ಇಳಿದಿತ್ತು. ಫ್ಯಾನಿನ ಕೆಳಗೆ ಆರಿಸಿದೆ. ಇಷ್ಟನ್ನು ಯಾರು ನೋಡುತ್ತಾರೆ ಎಂದುಕೊಂಡು ಪ್ಲಾಸ್ಟಿಕ್ ಕವರಿಗೆ ಸೇರಿಸಿ, ಆಫೀಸಿಗೆ ತಂದು ಕೊರಿಯರಿಗೆಂದು ಜಡೆಪ್ಪನ ಕೈಗೆ ಕೊಟ್ಟೆ.

ಕಸ್ಟಮ್ಸಿನವರು ನೋಡಿದರು. ಸೀಲೂ ಕಾಣುವುದಿಲ್ಲ, ಸಹಿಯೂ ಕಾಣುವುದಿಲ್ಲ, ಹೊಸ ಪರ್ಮಿಟ್ ತನ್ನಿ ಎಂದರು. ಅದು ಬರುವವರೆಗೆ ಅಲ್ಲಿಗೆ ಬಂದಿಳಿದಿದ್ದ ಮಾದರಿಗಳ ಡಬ್ಬಿಯೊಳಗಿನ ಡ್ರೈ ಐಸ್ ಉಳಿಯಬೇಕಲ್ಲ. ಆರನೆಯ ದಿನಕ್ಕೆ ಮಾದರಿಗಳು ಕೆಟ್ಟವು. ಎಲ್ಲವನ್ನೂ ಸುಟ್ಟರಂತೆ.

ಏಜೆಂಟ್ ಕಳಿಸಿದ್ದ ಪರ್ಮಿಟ್ಟಿನ ಫೋಟೋವನ್ನು ನಮ್ಮ ನಿರ್ದೇಶಕಿ ಶೈಲಶ್ರೀ ಮೇಡಂ ಎಲ್ಲರಿಗೂ ತೋರಿಸಿದರು. "ಇದು ಪೂಜಾ ಮಾಡಿದ ಕಲೆ. ಯಾರ ಕೆಲಸ?"

ಎಲ್ಲರ ಕಣ್ಣೂ ಜಡೆಪ್ಪನ ಮೇಲೆ ಹೋಯಿತು. ಅವನು ಒಂದು ಸಲ ನನ್ನ ಮುಖ ನೋಡಿದ. ನಾನು ಮೇಜು ನೋಡಿದೆ.

"ನಾನ ಇರಬೇಕ್ರಿ ಮೇಡಂ" ಎಂದ. "ಎಲ್ಲಾಕ್ಕೂ ಹಚ್ತೀನಲ್ರಿ."

ಬಾಯಿ ಮುಚ್ಚಿಕೊಂಡಾದರೂ ಇದ್ದೆನೇ? "ಎಷ್ಟ್ ಸಲ ಹೇಳೀನಿ ನಿನಗ" ಎಂದು ಗದರಿಸಿದೆ. ಆ ಮಾತು ನೆನಪಾದರೆ ಇಂದಿಗೂ ಮೈಯೆಲ್ಲ ಹಿಡಿಯಾಗುತ್ತದೆ. ಮರುದಿನದಿಂದ ಕೆಲಸಕ್ಕೆ ಬರುವುದು ಬೇಡವೆಂದು ಮೇಡಂ ಅವನಿಗೆ ಹೇಳಿದರು.

ತಿಂಗಳು ಕಳೆದ ಮೇಲೆ, ಅವನು ಬಿಟ್ಟುಹೋಗಿದ್ದ ಊಟದ ಡಬ್ಬಿ ಕೊಡುವ ನೆಪ ಮಾಡಿಕೊಂಡು ಚಿತ್ತವಾಡ್ಗಿಯಲ್ಲಿದ್ದ ಅವನ ಮನೆಗೆ ಹೋದೆ. ಜಡೆಪ್ಪ ಈಗ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದನಂತೆ. ಐವತ್ತೆಂಟನೆಯ ವಯಸ್ಸಿನಲ್ಲಿ.

"ಬರ್ರಿ ಸರ್, ಕುಂದ್ರಿ" ಎಂದ. ಹೆಂಡತಿ ಸುಂಕಲಮ್ಮ ಚಹಾಕ್ಕೆ ಇಟ್ಟಳು.

ಎದುರಿಗೇ ದೇವರ ಜಗಲಿ. ಲಿಂಗ, ವಿಭೂತಿ ಗಟ್ಟಿ, ಒಣಗಿದ ಬಿಲ್ವಪತ್ರೆ. ಪಕ್ಕದಲ್ಲಿ ಪುಟ್ಟ ಬಟ್ಟಲಿನಲ್ಲಿ ಬೇರೆಯಾಗಿಟ್ಟ ಒಂದು ತುಳಸಿಯೆಲೆ, ಅದಕ್ಕೆ ಅಂಟಿಕೊಂಡ ಹಳದಿ ಅಕ್ಕಿಕಾಳು. ಹತ್ತಿರ ಹೋಗಿ ಬಗ್ಗಿ ನೋಡಿದೆ.

"ಕವರ್‌ನಾಗ ಇತ್ರಿ" ಎಂದ ಜಡೆಪ್ಪ. "ಕೊರಿಯರ್‌ನ್ಯಾರು ಕಾಲಾಗ ಹಾಕ್ಯಾರಂತ ತಗದಿಟ್ಟೆ. ಯಾರ ದೇವ್ರದಾದ್ರೂ ತುಳೀಬಾರ್ದು ನೋಡ್ರಿ."

"ಅವತ್ತ ಯಾಕ ಹೇಳ್ಲಿಲ್ರಿ, ಜಡೆಪ್ಪ?"

"ದೇವ್ರು ದಿಂಡ್ರು ನಂಬಲ್ಲ ಅಂತ ಎಲ್ಲಾರ ಮುಂದ ಹೇಳ್ತಿದ್ರಿ. ಅಷ್ಟ್ ಮಂದ್ಯಾಗ ನಿಮ್ಮ ಮಾನ ಹೋಗಬಾರ್ದಂತ ಸುಮ್ನಾದೆ." ಚಹಾದ ಲೋಟ ನನ್ನ ಕಡೆ ಸರಿಸಿದ. "ಆಮ್ಯಾಲ ನೀವ ಹೇಳ್ತೀರಿ ಅಂತ ಮಾಡಿದ್ದೆ."

ಎಲೆಯನ್ನು ಕೇಳಿ ಇಸಿದುಕೊಂಡು, ಕಾಗದದಲ್ಲಿ ಮಡಚಿ ಜೇಬಿನಲ್ಲಿಟ್ಟುಕೊಂಡೆ.

ಮರುದಿನ ಬೆಳಿಗ್ಗೆ ಅದನ್ನು ಮೇಡಂ ಮೇಜಿನ ಮೇಲಿಟ್ಟು, ಎಲ್ಲರನ್ನೂ ಕರೆಯಿಸಿ ಎಂದೆ. ಜಡೆಪ್ಪನ ಮಾನ ಹೋದದ್ದು ಎಲ್ಲರೆದುರಿಗಲ್ಲವೇ. ಎಲ್ಲರೂ ಬಂದು ನಿಂತರು.

"ಏನಿದು?" ಎಂದರು ಮೇಡಂ.

"ಪರ್ಮಿಟ್ ಮ್ಯಾಲ ಇದ್ದದ್ದು. ಇಟ್ಟವ ನಾನು."

ದನಿ ಎಷ್ಟು ಸಣ್ಣಗಿತ್ತೆಂದರೆ ಯಾರಿಗೂ ಕೇಳಿಸಲಿಲ್ಲ. ಎರಡನೆಯ ಸಲ ಹೇಳಬೇಕಾಯಿತು.